ಹಗೇವಿನೊಳಗಿನ ಚಳಿ

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಮುನಿಲಕ್ಷ್ಮಮ್ಮ ಹಗ್ಗಕ್ಕೆ ಕಟ್ಟಿದ ದೀಪವನ್ನು ಹಗೇವಿನೊಳಗೆ ಇಳಿಬಿಟ್ಟರು. ಮೂರಡಿ ಇಳಿಯುವಷ್ಟರಲ್ಲಿ ದೀಪ ಆರಿತು.

"ಯಾರೂ ಇಳೀಬೇಡ್ರಪ್ಪೋ! ಗಾಳಿ ಕೆಟ್ಟದೆ!" ಎಂದು ಅವರು ಕೂಗಿದರು.

ಎಂಟಡಿ ಆಳದಲ್ಲಿ ಸುಭಾಷ್ ಮಗ್ಗುಲಾಗಿ ಬಿದ್ದಿದ್ದ. ಕೈಯಿಂದ ಜಾರಿದ ಮೊಬೈಲಿನ ಟಾರ್ಚು ಸಾಲು ಸಾಲು ವೈನ್ ಬಾಟಲಿಗಳ ಮೇಲೆ ಬೆಳಕು ಚೆಲ್ಲುತ್ತಿತ್ತು. ಮೇಲೆ ಚಾಲಕ ಗಂಗಯ್ಯ ನೆಲಕ್ಕೆ ಕೂತು ಏದುಸಿರು ಬಿಡುತ್ತಿದ್ದ. ಸುಭಾಷ್‌ನನ್ನು ಎತ್ತಲು ಅವನೂ ಏಣಿಯಲ್ಲಿ ನಾಲ್ಕು ಮೆಟ್ಟಿಲು ಇಳಿದಿದ್ದ. ತಲೆ ಸುತ್ತಿ ಹೇಗೋ ವಾಪಸು ಹತ್ತಿದ್ದ.

ಸಾರಕ್ಕಿ ಹಳ್ಳಿಯಾಗಿದ್ದ ಕಾಲದಲ್ಲಿ ಆ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು. ಹೂಜಿಯಂಥ ಗುಂಡಿ, ಕಿರಿದಾದ ಬಾಯಿ. ಹೊಲ ಹೋಗಿ, ಮಾರ್ಕೆಟ್ಟು ಬಂದು, ಸುತ್ತ ನಾಲ್ಕು ಮಹಡಿಯ ಕಟ್ಟಡಗಳೆದ್ದರೂ ಮುನಿಲಕ್ಷ್ಮಮ್ಮನ ಹೆಂಚಿನ ಮನೆ ಮತ್ತು ಹಿತ್ತಿಲಿನ ಹಗೇವು ಉಳಿದುಕೊಂಡಿದ್ದವು. ನಾಲ್ಕು ವರ್ಷದಿಂದ ಅದನ್ನು ಬಾಡಿಗೆಗೆ ಹಿಡಿದವನು ಸುಭಾಷ್. ವಾರಾಂತ್ಯದಲ್ಲಿ ಹದಿನೈದು ಜನರನ್ನು ಟೆಂಪೋ ಟ್ರಾವೆಲರ್‌ನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಸುತ್ತಲ ಸಣ್ಣ ವೈನರಿಗಳಿಗೆ, ಅವುಗಳ ಪಕ್ಕದ ಊರುಗಳಿಗೆ ಕರೆದೊಯ್ಯುವುದು ಅವನ ಕಸುಬು. ತಂದ ವೈನನ್ನು ಈ ತಣ್ಣನೆಯ ಗುಂಡಿಯಲ್ಲಿ ಇಡುತ್ತಿದ್ದ. ಪ್ರವಾಸದ ಹಿಂದಿನ ಸಂಜೆ ಬಂದವರನ್ನೆಲ್ಲ ಇಲ್ಲಿಗೆ ಕರೆತಂದು, ಮೊದಲು ದೀಪ ಇಳಿಬಿಟ್ಟು ಗಾಳಿ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ.

ಒಬ್ಬನೇ ಇಳಿಯುವಾಗ ಮಾತ್ರ ದೀಪವಿಲ್ಲ. ಮೊಬೈಲ್ ಟಾರ್ಚೇ.

* * *

ಸಬ್ ಇನ್‌ಸ್ಪೆಕ್ಟರ್ ಉಮಾಮಹೇಶ್ವರಿ ಬರುವಷ್ಟರಲ್ಲಿ ಅಗ್ನಿಶಾಮಕದವರು ಗುಂಡಿಗೆ ಗಾಳಿ ಊದಿ ಹೆಣ ಎತ್ತಿದ್ದರು. ಮೈಮೇಲೆ ಗಾಯವಿರಲಿಲ್ಲ. ಅವಳಿಗೆ ಇದು ರಜೆಯಿಲ್ಲದ ಇಪ್ಪತ್ತೆರಡನೆಯ ದಿನ. ಎಡ ಮಂಡಿ ನೋಯುತ್ತಿತ್ತು. ಹಿತ್ತಿಲ ಕಟ್ಟೆಯ ಮೇಲೆ ಕೂತೇ ಗಂಗಯ್ಯನನ್ನು ವಿಚಾರಿಸಿದಳು.

"ಇಳಿದಾಗ ಏನನ್ನಿಸಿತು?"

"ಸೋಡ ಕುಡಿದು ತೇಗಿದ್ರೆ ಮೂಗಲ್ಲಿ ಚುರ್ ಅನ್ನುತ್ತಲ್ಲ ಮೇಡಂ, ಹಂಗೆ. ಆಮೇಲೆ ಕಾಲು... ಫ್ರಿಜ್ಜಿನೊಳಕ್ಕೆ ಇಟ್ಟಂಗೆ ಚಳಿ."

"ಹಗೇವು ಯಾವಾಗ್ಲೂ ತಣ್ಣಗೇ ಇರುತ್ತಲ್ಲವಾ?"

"ತಣ್ಣಗಿರೋದು ಬೇರೆ, ಈ ಚಳಿ ಬೇರೆ."

ಪ್ರವಾಸದ ದಿನ ಐದು ಗಂಟೆಗೆ ಬಂದು ಮುಚ್ಚಳ ತೆಗೆದಿಡುವುದು ಗಂಗಯ್ಯನ ಕೆಲಸ. ಒಂದು ಗಂಟೆ ಗಾಳಿಯಾಡಿದ ಮೇಲೆ ಸುಭಾಷ್ ಇಳಿಯುತ್ತಿದ್ದ. ಈ ದಿನ ಗಂಗಯ್ಯ ಬಂದದ್ದು ಐದೂ ಮುಕ್ಕಾಲಿಗೆ. ಅಷ್ಟರಲ್ಲಿ ಸುಭಾಷ್ ತಾನೇ ಮುಚ್ಚಳ ತೆಗೆದು ಇಳಿದಾಗಿತ್ತು.

"ಯಾಕೆ ಲೇಟು?"

"ಎಚ್ಚರ ಆಗ್ಲಿಲ್ಲ ಮೇಡಂ. ಆರು ವಾರದಿಂದ ಒಂದು ಭಾನುವಾರಾನೂ ಬಿಟ್ಟಿಲ್ಲ."

ಮಾತು ಕೇಳಿಸಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದವನು ಮುನಿಲಕ್ಷ್ಮಮ್ಮನ ಮಗ ಕೆಂಪರಾಜು. ಪಕ್ಕದ ಪಾರ್ಟಿ ಹಾಲ್ ಅವನದು. ನಲವತ್ತೈದರ ಗಟ್ಟಿಮುಟ್ಟು ಆಸಾಮಿ. ಬೆಳಿಗ್ಗೆ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಶರ್ಟು.

"ನಿನ್ನೆ ಸಾಯಂಕಾಲ ಎಲ್ಲರ ಮುಂದೆ ಜಗಳ ಆಡ್ದಲ್ಲ ಗಂಗಣ್ಣ, ಅದನ್ನೂ ಹೇಳು," ಎಂದ ಅವನು. "ನೀವಿರೋವರೆಗೂ ನಂಗೆ ರಜ ಇಲ್ಲ ಅಂದೆ. ಟೂರ್‌ಗೆ ಬಂದೋರೆಲ್ಲ ಕೇಳಿಸ್ಕೊಂಡ್ರು."

ಗಂಗಯ್ಯ ತಲೆ ತಗ್ಗಿಸಿದ. ಅಂದದ್ದು ನಿಜ.

* * *

ಇನ್‌ಸ್ಪೆಕ್ಟರ್ ಬೈಲಪ್ಪನವರಿಗೆ ಅಷ್ಟೇ ಸಾಕಾಯಿತು. "ಬೇಕಂತಲೇ ಲೇಟಾಗಿ ಬಂದಿದಾನೆ. ನಿರ್ಲಕ್ಷ್ಯದಿಂದಾದ ಸಾವು ಅಂತ ಬರೆದು ಕಸ್ಟಡಿಗೆ ತಗೊಳ್ಳಿ. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸೋಣ."

"ಸಾರ್, ಇದು ಆಕಸ್ಮಿಕ ಇರಬಹುದಲ್ಲ?"

"ಇರಬಹುದು. ಅದನ್ನ ಅವನ ಲಾಯರ್ ಹೇಳ್ತಾನೆ ಬಿಡಿ."

ಠಾಣೆಯ ಮೆಟ್ಟಿಲ ಮೇಲೆ ಗಂಗಯ್ಯನ ಹೆಂಡತಿ ಸಪ್ಪಲಮ್ಮ ಊಟದ ಕ್ಯಾರಿಯರ್ ಹಿಡಿದು ಕೂತಿದ್ದಳು. ಉಮಾಮಹೇಶ್ವರಿಯನ್ನು ನೋಡಿ ಎದ್ದು ನಿಂತಳು.

ಹೆಡ್ ಕಾನ್‌ಸ್ಟೇಬಲ್ ಹನಮಂತ ಚಹಾ ತಂದಿಟ್ಟ. ಅವನು ವಿಜಯಪುರದ ಕಡೆಯವನು.

"ನಮ್ಮೂರಾಗೂ ಹಗೇವು ಅದಾವ್ರಿ ಮೇಡಂ. ಜೋಳ ತುಂಬತಿದ್ರು. ತೆಗದ ಕೂಡ್ಲೆ ಇಳದ್ರ ಸತ್ತಂಗ. ಕಾಳು ಒಳಗ ಉಸಿರಾಡತೈತಿ ನೋಡ್ರಿ, ಗಾಳಿ ಕೆಡತೈತಿ."

ಚಹಾದ ಲೋಟ ಅವಳ ತುಟಿಯ ಹತ್ತಿರವೇ ನಿಂತಿತು. ಇಪ್ಪತ್ತು ವರ್ಷದ ಹಿಂದೆ ಬಿ.ಎಸ್ಸಿ.ಯಲ್ಲಿ ಓದಿದ್ದೇನೋ ಅಲುಗಾಡಿತು. ಕಾಳು ಆಮ್ಲಜನಕ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸರಿ. ಆದರೆ ಈ ಗುಂಡಿಯಲ್ಲಿ ಕಾಳೆಲ್ಲಿತ್ತು?

"ಹನಮಂತ, ಬಾಟಲಿ ಉಸಿರಾಡುತ್ತಾ?"

"ಇಲ್ಲಲ್ರಿ."

"ಶುಕ್ರವಾರ ಸಂಜೆ ಹದಿನೈದು ಜನ ಅದರೊಳಗೆ ಇಳಿದು ಹತ್ತಿದಾರೆ. ದೀಪ ಚೆನ್ನಾಗಿ ಉರಿದಿದೆ. ಬರೀ ಗಾಜಿನ ಬಾಟಲಿ ಇರೋ ಗುಂಡಿಯ ಗಾಳಿ ಹನ್ನೆರಡು ಗಂಟೆಯಲ್ಲಿ ಹೇಗೆ ಕೆಡುತ್ತೆ?"

ಹನಮಂತ ಅವಳ ಎಡಗಾಲಿನ ಕಡೆ ನೋಡಿದ. "ಮಂಡಿಗೆ ಎಣ್ಣಿ ಹಚ್ಚೀರೇನ್ರಿ?" ಎಂದು ಕೇಳಿದ.

* * *

ದೀಪ ಇಳಿಬಿಟ್ಟು, ಅದು ಉರಿಯುತ್ತಲೇ ಇರುವುದನ್ನು ನೋಡಿಕೊಂಡು, ಉಮಾಮಹೇಶ್ವರಿ ಏಣಿ ಇಳಿದಳು. ಮಂಡಿ ಒಂದೊಂದು ಮೆಟ್ಟಿಲಿಗೂ ತಕರಾರು ಮಾಡಿತು.

ಗೋಡೆಯುದ್ದಕ್ಕೂ ಮರದ ಚೌಕಟ್ಟು, ಮಲಗಿಸಿದ ಬಾಟಲಿಗಳು. ಒಂದು ಪಕ್ಕದಲ್ಲಿ ಪುಟ್ಟ ಗೂಡು, ಅದರ ತಳದಲ್ಲಿ ದುಂಡಗಿನ ಗುರುತು. ಅಲ್ಲಿ ಏನೂ ಇರಲಿಲ್ಲ. ಅವಳು ಬಾಟಲಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಎಲ್ಲವೂ ಸರಿಯಾಗಿಯೇ ಇದ್ದವು. ತೀರ ಕೆಳಗಿನ ಸಾಲಿನ ಮೂರನ್ನು ಬಿಟ್ಟು.

ಆ ಮೂರರ ಬಿರಡೆಗಳು ಅರ್ಧ ಇಂಚು ಹೊರಕ್ಕೆ ಬಂದಿದ್ದವು. ಟಾರ್ಚಿಗೆ ಹಿಡಿದಾಗ ಒಳಗೆ ಸಕ್ಕರೆಯಂಥ ಹರಳುಗಳು ಮಿನುಗಿದವು. ಅದೇ ಚೀಟಿ, ಅದೇ ತಾರೀಕಿನ ಮೇಲಿನ ಸಾಲಿನ ಬಾಟಲಿಗಳಲ್ಲಿ ಹರಳಿರಲಿಲ್ಲ.

ವಿಷವೇ? ಯಾವ ಬಾಟಲಿಯನ್ನೂ ತೆರೆದಿರಲಿಲ್ಲ. ಮೂರನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೆ ಬಂದಳು.

* * *

ಸುಭಾಷ್ ಜೊತೆ ಪ್ರವಾಸ ನಡೆಸುತ್ತಿದ್ದವಳು ಶಾಂತಲಾ. ಬಿಟಿಎಂ ಲೇಔಟಿನ ಎರಡು ಕೋಣೆಯ ಮನೆ. ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡ ಗಾಜಿನ ಜಾಡಿಗಳಲ್ಲಿ ದ್ರಾಕ್ಷಿ ರಸ ಗುಳುಗುಳು ಎನ್ನುತ್ತಿತ್ತು. ಉಮಾಮಹೇಶ್ವರಿ ಅದನ್ನೇ ನೋಡುತ್ತ ನಿಂತಳು. ಹುದುಗುವಾಗಲೂ ಅದೇ ಅನಿಲ ಹೊರಡುತ್ತದೆ.

"ಗೊತ್ತು, ಏನು ಯೋಚಿಸ್ತಿದೀರ ಅಂತ," ಎಂದಳು ಶಾಂತಲಾ. ಅತ್ತು ಅತ್ತು ಧ್ವನಿ ಒಡೆದಿತ್ತು. "ಇದನ್ನ ಹಗೇವಿನಲ್ಲಿ ಇಡ್ತೀನಿ ಅಂತ ಹೋದ ತಿಂಗಳು ಕೇಳಿದ್ದೆ. ಗಾಳಿ ಕೆಡುತ್ತೆ, ಬೇಡವೇ ಬೇಡ ಅಂದ. ಅದಕ್ಕೇ ಒಂದು ವಾರ ಮಾತು ಬಿಟ್ಟಿದ್ವಿ. ಜಾಡಿ ಒಂದೂ ಇಲ್ಲಿಂದ ಅಲ್ಲಾಡಿಲ್ಲ ಮೇಡಂ, ಕೆಳಗಿನ ಧೂಳು ನೋಡಿ ಬೇಕಾದ್ರೆ."

ಜಾಡಿಗಳ ಸುತ್ತ ಧೂಳು ಬಳೆಯಂತೆ ಕೂತಿತ್ತು. ಜಾಡಿಯ ಹಾದಿ ಅಲ್ಲಿಗೆ ಮುಗಿಯಿತು. ಉಮಾಮಹೇಶ್ವರಿ ಬಟ್ಟೆ ಬಿಚ್ಚಿ ಬಾಟಲಿ ತೋರಿಸಿದಳು. ಶಾಂತಲಾ ಹುಬ್ಬು ಗಂಟಿಕ್ಕಿದಳು.

"ಇದು ದೊಡ್ಡಬಳ್ಳಾಪುರದ ಆಚೆಯ ತೋಟದ್ದು. ಯಾಕೆ ಹೀಗಾಯ್ತೋ ಗೊತ್ತಿಲ್ಲ. ಸಂಜೀವಯ್ಯನವರನ್ನ ಕೇಳ್ಬೇಕು. ಇವತ್ತು ಟೂರ್ ಅಲ್ಲಿಗೇ ಹೋಗ್ಬೇಕಿತ್ತು."

ಹೀಗೆ ಇಪ್ಪತ್ತೆರಡನೆಯ ದಿನ ಉಮಾಮಹೇಶ್ವರಿ ವೈನರಿ ಪ್ರವಾಸಕ್ಕೆ ಹೊರಟಳು. ಸರ್ಕಾರಿ ಜೀಪಿನಲ್ಲಿ, ಶಾಂತಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗಗಳ ಸದ್ದು ಮನೆಮನೆಯಿಂದ ಬರುತ್ತಿತ್ತು. ಜಗಲಿಯ ಮೇಲೆ ರೇಷ್ಮೆಯ ಎಳೆಗಳು ಹಳದಿ, ಗುಲಾಬಿ. "ಇಲ್ಲಿ ಟೆಂಪೋ ನಿಲ್ಲಿಸಿ ಎಲ್ಲರನ್ನೂ ಐದು ನಿಮಿಷ ಸುಮ್ಮನೆ ನಿಲ್ಲಿಸ್ತಿದ್ದ," ಎಂದಳು ಶಾಂತಲಾ. "ವೈನ್ ಎಲ್ಲಿ ಬೇಕಾದ್ರೂ ಕುಡೀಬಹುದು, ಊರನ್ನ ಕೇಳಿಸ್ಕೊಂಡು ಹೋಗಿ ಅಂತಿದ್ದ." ಉಮಾಮಹೇಶ್ವರಿ ಜೀಪು ನಿಲ್ಲಿಸಲು ಹೇಳಿದಳು. ಐದು ನಿಮಿಷವಲ್ಲ, ಒಂದೇ ನಿಮಿಷ. ಅಷ್ಟು ಹೊತ್ತು ಅವಳ ಮಂಡಿ ನೋಯಲಿಲ್ಲ.

ವೈನರಿಯ ನೆಲಮಾಳಿಗೆ ನೋಡಿಕೊಳ್ಳುವ ಸಂಜೀವಯ್ಯನವರಿಗೆ ಅರವತ್ತು ದಾಟಿತ್ತು. ಬಾಟಲಿಯನ್ನು ಕಿಟಕಿಗೆ ಹಿಡಿದು ತಿರುಗಿಸಿದರು.

"ಇದನ್ನ ಫ್ರೀಜರಲ್ಲಿ ಇಟ್ಟೋರು ಯಾರು?"

"ಯಾಕೆ ಹಾಗಂತೀರಾ?"

"ಇದು ದ್ರಾಕ್ಷಿಯ ಹುಳಿ ಕಣಮ್ಮ. ವೈನಲ್ಲಿ ಕರಗಿರುತ್ತೆ, ಕಣ್ಣಿಗೆ ಕಾಣ್ಸಲ್ಲ. ಕೊರೆಯೋ ಚಳಿ ತಗುಲಿದ್ರೆ ಹರಳಾಗಿ ಕೆಳಕ್ಕೆ ಕೂತ್ಕೊಳ್ಳುತ್ತೆ. ಕುಡಿದ್ರೆ ಏನೂ ಆಗಲ್ಲ. ವೈನ್ ಗಟ್ಟಿಯಾದ್ರೆ ಹಿಗ್ಗುತ್ತೆ, ಬಿರಡೇನ ಹೊರಕ್ಕೆ ತಳ್ಳುತ್ತೆ. ಇದಕ್ಕೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ತಗುಲಿದೆ."

"ಬಿಸಿಯಾದರೂ ಬಿರಡೆ ಹೊರಗೆ ಬರುತ್ತಲ್ವಾ?"

"ಬರುತ್ತೆ. ಹರಳು ಬರಲ್ಲ."

ಅವರು ಅದೇ ತಾರೀಕಿನ ಇನ್ನೊಂದು ಬಾಟಲಿ ತಂದು ಪಕ್ಕದಲ್ಲಿಟ್ಟರು. ತಿಳಿಯಾಗಿತ್ತು.

* * *

ವಾಪಸು ಬರುವಾಗ ಉಮಾಮಹೇಶ್ವರಿ ದಿನಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. ಸೋಡದಂತೆ ಮೂಗು ಚುರುಗುಟ್ಟಿಸುವ ಗಾಳಿ. ಫ್ರೀಜರಿನಂಥ ಚಳಿ. ಎರಡನ್ನೂ ಒಟ್ಟಿಗೆ ಕೊಟ್ಟು, ಬೆಳಗಾಗುವಷ್ಟರಲ್ಲಿ ಗುರುತಿಲ್ಲದೆ ಮಾಯವಾಗುವ ವಸ್ತು ಒಂದೇ. ಡ್ರೈ ಐಸ್. ಘನರೂಪದ ಇಂಗಾಲದ ಡೈಆಕ್ಸೈಡ್. ನೀರಾಗುವುದಿಲ್ಲ, ನೇರ ಅನಿಲವಾಗುತ್ತದೆ. ಗಾಳಿಗಿಂತ ಭಾರ, ಗುಂಡಿಯಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಇಪ್ಪತ್ತು ಕಿಲೋ ಹಾಕಿದರೆ ಸುಮಾರು ಹನ್ನೊಂದು ಸಾವಿರ ಲೀಟರ್ ಅನಿಲ. ಹಗೇವಿನ ಅಳತೆ ಎಂಟು ಸಾವಿರ ಲೀಟರ್.

ಇದು ಆಕಸ್ಮಿಕವಲ್ಲ. ಕೊಲೆ.

ಸಾರಕ್ಕಿಯಲ್ಲಿ ಡ್ರೈ ಐಸ್ ಎಲ್ಲಿ ಸಿಗುತ್ತದೆಂದು ಹುಡುಕಬೇಕಾಗಲಿಲ್ಲ. ಕೆಂಪರಾಜುವಿನ ಪಾರ್ಟಿ ಹಾಲಿನ ಬಾಗಿಲಲ್ಲೇ ಫ್ಲೆಕ್ಸ್ ಇತ್ತು: ಡ್ರೈ ಐಸಿನ ಬಿಳಿ ಹೊಗೆಯ ಮೋಡದ ಮೇಲೆ ನಡೆದು ಬರುತ್ತಿರುವ ವಧೂವರರು. ಅದರ ಪಕ್ಕದಲ್ಲೇ ಪಾಲಿಕೆಯ ನೋಟಿಸು: ಮೂರು ತಿಂಗಳಲ್ಲಿ ವಾಹನ ನಿಲುಗಡೆಗೆ ಜಾಗ ತೋರಿಸದಿದ್ದರೆ ಪರವಾನಗಿ ನವೀಕರಣವಿಲ್ಲ. ಒಳಗೆ ಅಲಂಕಾರದ ಮೇಸ್ತ್ರಿ ನಿನ್ನೆಯ ಆರತಕ್ಷತೆಯ ಹೂ ಕೀಳುತ್ತಿದ್ದ.

"ಹೊಗೆಗೆ ಒಂದೇ ಬಾಕ್ಸ್ ಸಾಕಾಯ್ತು ಮೇಡಂ. ಇಪ್ಪತ್ತಿಪ್ಪತ್ತು ಕಿಲೋದ ಎರಡು ಬಂದಿತ್ತು. ಇನ್ನೊಂದು ಬೆಳಿಗ್ಗೆ ನೋಡಿದ್ರೆ ಖಾಲಿ. ತಂದೋರಾ? ಗಂಗಣ್ಣ. ಟೂರ್ ಇಲ್ಲದಾಗ ನಮ್ಮ ಹಾಲಿಗೇ ಓಡಿಸ್ತಾರೆ."

ಉಮಾಮಹೇಶ್ವರಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು.

ಬೈಲಪ್ಪನವರು ಫೋನಿನಲ್ಲಿ ನಕ್ಕರು. "ಶಭಾಷ್ ಕಣ್ರೀ! ಬೆಳಿಗ್ಗೆ ನಿರ್ಲಕ್ಷ್ಯ ಅಂತಿದ್ದೆ, ನೀವು ಕೊಲೆ ಅಂತ ಸಾಬೀತು ಮಾಡಿದ್ರಿ. ಡ್ರೈ ಐಸ್ ತಂದೋನು ಅವನು, ಜಗಳ ಆಡಿದೋನು ಅವನು, ಬೇಕಂತ ಲೇಟಾಗಿ ಬಂದೋನೂ ಅವನೇ. ಇನ್ನೇನು ಬೇಕು?"

ಬಿಡಿಸಲು ಹೋಗಿ ಗಂಟನ್ನು ಇನ್ನೂ ಬಿಗಿ ಮಾಡಿದ್ದಳು. ಬೆಳಿಗ್ಗೆ ಎರಡು ವರ್ಷದಲ್ಲಿ ಮುಗಿಯಬಹುದಾಗಿದ್ದ ಶಿಕ್ಷೆ ಈಗ ಜೀವಾವಧಿಯಾಗಿತ್ತು. ಅದೂ ಅವಳದೇ ಲೆಕ್ಕದಿಂದ.

ಆದರೆ ಗಂಗಯ್ಯನೇ ಹಾಕಿದ್ದರೆ ಚಳಿಯ ಮಾತನ್ನು ತಾನಾಗಿ ಯಾಕೆ ಹೇಳುತ್ತಿದ್ದ? ಅದೇ ಗುಂಡಿಗೆ ತಾನೇ ಯಾಕೆ ಇಳಿಯುತ್ತಿದ್ದ? ಇವೆಲ್ಲ ಅವಳಿಗೆ ಸಾಕ್ಷಿ, ಬೈಲಪ್ಪನವರಿಗೆ ನಾಟಕ.

ಶಾಂತಲಾ ಕಳಿಸಿದ್ದ ಶುಕ್ರವಾರದ ಫೋಟೋಗಳನ್ನು ಮತ್ತೆ ತೆರೆದಳು. ಸಂಜೆ ನಾಲ್ಕೂ ಇಪ್ಪತ್ತು. ಹಗೇವಿನೊಳಗೆ ಸುಭಾಷ್ ಬಾಟಲಿ ಎತ್ತಿ ಹಿಡಿದು ನಗುತ್ತಿದ್ದಾನೆ. ಬೆನ್ನ ಹಿಂದೆ ಗೋಡೆಯ ಗೂಡು. ಗೂಡಿನಲ್ಲಿ ಅರಿಶಿನ ಬಳಿದ ಒಂದು ಮಡಕೆ.

ಬೆಳಿಗ್ಗೆ ಅವಳು ಇಳಿದಾಗ ಅಲ್ಲಿ ದುಂಡಗಿನ ಗುರುತು ಮಾತ್ರ ಇತ್ತು.

* * *

ಮಡಕೆ ದೇವರ ಕೋಣೆಯಲ್ಲಿತ್ತು. ಮುಂದೆ ಎರಡು ದಾಸವಾಳ.

"ನಮ್ಮ ಯಜಮಾನ್ರು ಕೊನೇ ಸಲ ಬೆಳೆದ ರಾಗಿ ಕಣವ್ವ ಅದು," ಎಂದರು ಮುನಿಲಕ್ಷ್ಮಮ್ಮ. "ಹಗೇವು ಬರಿದಾಗಬಾರ್ದು ಅಂತ ಅದರೊಳಗೇ ಇಟ್ಟಿದ್ವಿ. ಮನೆ ಲಕ್ಷ್ಮಿ. ಸುಭಾಷನೂ ಅದನ್ನ ಮುಟ್ತಿರಲಿಲ್ಲ. ಅವನು ಬಂದ್ಮೇಲೆ ಈ ಮನೆಗೆ ಜೀವ ಬಂದಿತ್ತು. ವಾರವಾರ ಜನ. ನನ್ನ ಕೈಲಿ ರಾಗಿ ರೊಟ್ಟಿ ಮಾಡಿಸ್ತಿದ್ದ. ನಾನು ಸಾಯೋವರ್ಗೂ ಈ ಮನೆ ಕೆಡವಲ್ಲ ಅಂತ ಕೆಂಪನಿಗೆ ಹೇಳ್ಬಿಟ್ಟಿದ್ದೆ."

"ಕೆಡವಿ ಏನು ಮಾಡ್ತೀನಿ ಅಂತಿದ್ರು?"

"ಕಾರು ನಿಲ್ಲಿಸ್ತಾನಂತೆ."

ಕೆಂಪರಾಜು ಒಳಬಂದ. ಬಿಳಿ ಶರ್ಟು ಈಗ ಮುದುರಿತ್ತು. "ಮೇಡಂ, ಅಮ್ಮನ ಬಿಪಿ ಸರಿಯಿಲ್ಲ. ನಾಳೆ ಬನ್ನಿ."

"ಒಂದೇ ಪ್ರಶ್ನೆ," ಎಂದಳು ಉಮಾಮಹೇಶ್ವರಿ. "ಈ ಮಡಕೇನ ಮೇಲೆ ತಂದೋರು ಯಾರು? ಅಗ್ನಿಶಾಮಕದವರಾ?"

"ಅವ್ರ್ಯಾಕೆ ಮುಟ್ತಾರೆ?" ಮುನಿಲಕ್ಷ್ಮಮ್ಮನೇ ಅಂದರು. "ನಿನ್ನೆ ದೀಪ ಹಚ್ಚೋ ಹೊತ್ತಿಗೆ ಕೆಂಪನೇ ತಂದ. ಶೀತ ಹಿಡೀತದೆ, ದೇವರ ಹತ್ರ ಇಡು ಅಂದ. ಸ್ನಾನ ಮಾಡ್ಕೊಂಡು, ಮಡಿಯಾಗಿ ತಂದ."

ಅರಿಶಿನದ ಮಡಕೆಯ ಮುಂದೆ ಕೆಂಪರಾಜು ಚಪ್ಪಲಿ ಬಿಟ್ಟು ನಿಂತಿದ್ದ.

"ಸತ್ತ ಜಾಗಕ್ಕೆ ಮೈಲಿಗೆ," ಎಂದಳು ಉಮಾಮಹೇಶ್ವರಿ ನಿಧಾನವಾಗಿ. "ಹೆಣ ಬಿದ್ದ ಗುಂಡಿಯಲ್ಲಿ ಮನೆ ಲಕ್ಷ್ಮಿಯನ್ನ ಬಿಡೋಕಾಗಲ್ಲ. ಸಾವು ಆದ ಮೇಲೆ ಎತ್ತಿದ್ರೆ ಅದು ಪದ್ಧತಿ. ನೀವು ಎತ್ತಿದ್ದು ಹನ್ನೊಂದು ಗಂಟೆ ಮೊದಲು, ಸುಭಾಷ್ ಬದುಕಿದ್ದಾಗ. ಅಲ್ಲಿ ಸಾವಾಗುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಶೀತ ಅಂದ್ನಲ್ಲ ಮೇಡಂ..."

"ಇಷ್ಟು ವರ್ಷ ಹಿಡೀದೇ ಇದ್ದ ಶೀತ? ಗಂಗಯ್ಯ ಮಾಡಿದ್ರೆ ಮಡಕೆಯ ಗೊಡವೆ ಅವನಿಗೆ ಯಾಕೆ? ಶಾಂತಲಾಗೆ ಅದು ಬರೀ ಮಡಕೆ. ಅದರ ಬಗ್ಗೆ ಭಯ ಇದ್ದೋರು ಈ ಮನೇಲಿ ಇಬ್ಬರೇ. ಒಂದು ಬಾಕ್ಸು ನಿಮ್ಮ ಹಾಲಲ್ಲೇ ಖಾಲಿಯಾಗಿದೆ. ಅವನು ದೀಪ ಇಲ್ಲದೆ ಇಳೀತಾನೆ ಅಂತಲೂ ನಿಮಗೆ ಗೊತ್ತಿತ್ತು."

ಕೆಂಪರಾಜು ಗೋಡೆಗೆ ಆತುಕೊಂಡ.

"ಅಪ್ಪ ಇಡೀ ಹೊಲ ಮಾರಿದ್ರೂ ಯಾರೂ ಅಳಲಿಲ್ಲ. ಈ ಒಂದು ಗುಂಡಿಗೆ ಇಷ್ಟು ಮೆರವಣಿಗೆ. ಸಾಯ್ಲಿ ಅಂತ ಹಾಕ್ಲಿಲ್ಲ ಮೇಡಂ. ದೇವರಾಣೆ. ತಲೆ ಸುತ್ತಿ ಬೀಳ್ಲಿ, ಹೆದರ್ಕೊಂಡು ಜಾಗ ಬಿಡ್ಲಿ ಅಂತ ಅಷ್ಟೇ."

"ಬರೀ ಹೆದರಿಸೋಕಾಗಿದ್ರೆ," ಎಂದಳು ಉಮಾಮಹೇಶ್ವರಿ, "ಮಡಕೇನ ಅಲ್ಲೇ ಬಿಡ್ತಿದ್ರಿ."

ಬಾಗಿಲಲ್ಲಿ ನಿಂತಿದ್ದ ಹನಮಂತ ಮುಂದೆ ಬಂದು ಕೆಂಪರಾಜುವಿನ ತೋಳು ಹಿಡಿದ.

ಮುನಿಲಕ್ಷ್ಮಮ್ಮ ಮಗನನ್ನು ನೋಡಲಿಲ್ಲ. "ನಾನೇ ಹೇಳ್ಬಿಟ್ಟೆನೇನವ್ವ?" ಎಂದು ಕೇಳಿದರು.

ಉಮಾಮಹೇಶ್ವರಿಗೆ ಸುಳ್ಳು ಹೇಳಬೇಕೆನಿಸಿತು. "ನೀವು ಹೇಳಿದ್ದು ನಿಜವನ್ನ, ಅಮ್ಮ," ಎಂದಳು.

* * *

ಹೇಳಿಕೆಗಳು, ಸಹಿಗಳು. ಬೈಲಪ್ಪನವರು ಎರಡು ಸಲ ಓದಿ, "ಮಡಕೆ!" ಎಂದು ತಲೆಯಾಡಿಸಿದರು. ಬೆರಳಚ್ಚಿಗೆ ಡ್ರೈ ಐಸಿನ ಬಾಕ್ಸು ಕಳಿಸಲು ಬರೆದರು. ಗಂಗಯ್ಯನ ಬಿಡುಗಡೆಗೆ ಸಹಿ ಹಾಕಿದರು.

ಕಂಬಿಯ ಬಾಗಿಲು ತೆಗೆದಾಗ ಗಂಗಯ್ಯ ಏಳಲಿಲ್ಲ. ಇನ್ನೆಲ್ಲಿಗೋ ಕರೆದೊಯ್ಯುತ್ತಾರೆಂದುಕೊಂಡಿದ್ದ.

"ಮನೆಗೆ ಹೋಗಿ, ಗಂಗಯ್ಯನವರೇ."

"ಯಾರು ಮೇಡಂ?"

ಅವಳು ಹೇಳಿದಳು. ಗಂಗಯ್ಯ ಹೊರಬಂದು ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕುಸಿದ. ಸಪ್ಪಲಮ್ಮ ಕ್ಯಾರಿಯರ್ ಬಿಚ್ಚಿದಳು. ಮಧ್ಯಾಹ್ನದ ಅನ್ನ ತಣ್ಣಗಾಗಿತ್ತು. ಅವನು ಮುಟ್ಟಲಿಲ್ಲ.

"ನಾನು ಐದು ಗಂಟೆಗೆ ಬಂದು ಮುಚ್ಚಳ ತೆಗೆದಿದ್ರೆ..."

"ಗಾಳಿಗಿಂತ ಭಾರದ ಅನಿಲ ಅದು," ಎಂದಳು ಉಮಾಮಹೇಶ್ವರಿ. "ಗಂಟೆಗಟ್ಟಲೆ ತೆಗೆದಿಟ್ಟಿದ್ರೂ ಹೋಗ್ತಿರಲಿಲ್ಲ. ನಿಮ್ಮ ನಿದ್ದೆ ಅವನನ್ನ ಕೊಂದಿಲ್ಲ."

ಗಂಗಯ್ಯ ಅವಳ ಮುಖವನ್ನೇ ನೋಡಿದ. ಸಮಾಧಾನಕ್ಕೆ ಹೇಳುತ್ತಿದ್ದಾಳೋ, ಲೆಕ್ಕ ಹಾಕಿ ಹೇಳುತ್ತಿದ್ದಾಳೋ ಎಂದು ಅಳೆಯುವಂತೆ. ಆಮೇಲೆ ಕಣ್ಣೊರೆಸಿಕೊಂಡ.

"ಮುನಿಲಕ್ಷ್ಮಮ್ಮನ ಹತ್ರ ಈಗ ಯಾರಿದಾರೆ?"

"ಯಾರೂ ಇಲ್ಲ," ಎಂದಳು ಉಮಾಮಹೇಶ್ವರಿ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಪ್ಪಲಮ್ಮ ಕ್ಯಾರಿಯರಿನ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ ಕೊಂಡಿ ಬಿಗಿದಳು.

"ಬಿಸಿ ಮಾಡ್ಕೊಂಡು ಮೂವರೂ ಅಲ್ಲೇ ತಿನ್ನೋಣ ನಡೀರಿ," ಎಂದಳು.

ಇಬ್ಬರೂ ಮೆಟ್ಟಿಲಿಳಿದು ಸಾರಕ್ಕಿಯ ಕಡೆಗೆ ನಡೆದರು.